ಐದು ದಿನದ ವಿ.ಬಿ.ಎಸ್. ಕಿಟ್: ಯಾವುದನ್ನು ಹಾಗೇ ನಡೆಸಬಹುದು, ಯಾವುದನ್ನು ತಿದ್ದಿಕೊಳ್ಳಬೇಕು

ಬೇಸಿಗೆ ರಜೆಯ ಬೈಬಲ್ ಶಾಲೆಗೆ (ವಿ.ಬಿ.ಎಸ್.) ಸಿದ್ಧ ಕಿಟ್ ತರಿಸುವ ಕ್ರೈಸ್ತ ಸಭೆಗಳು ಮೊದಲು ಕೇಳುವುದು ಒಂದೇ ಪ್ರಶ್ನೆ: ಡಬ್ಬಿ ಬಿಚ್ಚಿ ಹಾಗೇ ನಡೆಸಿಬಿಡಬಹುದೇ? ಸಮುದ್ರದ ಥೀಮಿನ ಈ ಐದು ದಿನದ ಕಿಟ್‌ನ ಮಟ್ಟಿಗೆ ಹೇಳುವುದಾದರೆ, ಕಥೆಯ ಭಾಗವನ್ನು ಬಹುಪಾಲು ಹಾಗೇ ನಡೆಸಬಹುದು. ಆಟಗಳನ್ನು ಸ್ವಲ್ಪ ತಿದ್ದಬೇಕು. ಕ್ರಾಫ್ಟ್ ಮತ್ತು ಹಾಡುಗಳನ್ನು ಒಮ್ಮೆ ಪೂರ್ತಿ ಮಾಡಿ ನೋಡದೆ ಮಕ್ಕಳ ಮುಂದೆ ಇಡಬಾರದು. ವೇಳಾಪಟ್ಟಿಯನ್ನಂತೂ ಅಚ್ಚಾದ ಹಾಗೆ ನಂಬುವಂತಿಲ್ಲ.

ಡಬ್ಬಿಯಲ್ಲಿ ಬರುವುದು ಇಷ್ಟು: ಡೈರೆಕ್ಟರ್ ಕೈಪಿಡಿ ಒಂದು, ಐದು ವಿಭಾಗಗಳಿಗೆ ಐದು ಲೀಡರ್ ಪುಸ್ತಕ (ಹಾಡು, ಕಥೆ, ಕ್ರಾಫ್ಟ್, ಆಟ, ತಿಂಡಿ), ಮೂರು ವಯೋಮಾನಕ್ಕೆ ಮಾದರಿ ವಿದ್ಯಾರ್ಥಿ ಪುಸ್ತಕ ಒಂದೊಂದು, ಕಥೆಯ ಐದು ದೊಡ್ಡ ಪೋಸ್ಟರ್, ಹಾಡು ಮತ್ತು ವಿಡಿಯೊ ಇರುವ ಪೆನ್‌ಡ್ರೈವ್, ಅಲಂಕಾರದ ಚಿತ್ರಗಳು, ಹೆಸರಿನ ಬ್ಯಾಡ್ಜ್, ಪ್ರಮಾಣಪತ್ರದ ಮಾದರಿ. ವಿದ್ಯಾರ್ಥಿ ಪುಸ್ತಕ ಮತ್ತು ಕ್ರಾಫ್ಟ್ ಪೊಟ್ಟಣಗಳನ್ನು ತಲೆಗೆ ಒಂದರಂತೆ ಬೇರೆಯಾಗಿ ತರಿಸಬೇಕು. ಮೊದಲ ಸಲ ತರಿಸುವವರು ತಪ್ಪುವುದು ಇಲ್ಲೇ. ಡಬ್ಬಿ ಬಂತೆಂದರೆ ಎಲ್ಲ ಬಂತು ಎಂದುಕೊಳ್ಳುತ್ತಾರೆ, ಶುರುವಾಗಲು ನಾಲ್ಕು ದಿನ ಇರುವಾಗ ಮಕ್ಕಳ ಕೈಗೆ ಕೊಡಲು ಪುಸ್ತಕವೇ ಇಲ್ಲ ಎಂದು ಗೊತ್ತಾಗುತ್ತದೆ. ಯಾವ ಪುಟವನ್ನು ಜೆರಾಕ್ಸ್ ಮಾಡಬಹುದು, ಯಾವುದನ್ನು ಮಾಡಬಾರದು ಎಂಬುದು ಕೈಪಿಡಿಯ ಎರಡನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ. ನೋಂದಣಿ ಫಾರ್ಮ್, ಬಣ್ಣ ಹಚ್ಚುವ ಹಾಳೆ, ಕಂಠಪಾಠದ ಕಾರ್ಡುಗಳನ್ನು ಒಂದು ಸಭೆಯ ಬಳಕೆಗೆ ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. ವಿದ್ಯಾರ್ಥಿ ಪುಸ್ತಕವನ್ನು ಜೆರಾಕ್ಸ್ ಮಾಡುವಂತಿಲ್ಲ. ಆರ್ಡರ್ ಕೊಡುವ ಮುಂಚೆಯೇ ಈ ಪುಟ ಓದಿ. ನೋಂದಣಿಯಾದ ಸಂಖ್ಯೆಗೆ ನೂರಕ್ಕೆ ಹತ್ತರಂತೆ ಹೆಚ್ಚು ಪುಸ್ತಕ ತರಿಸಿ, ಯಾಕೆಂದರೆ ಎರಡನೇ, ಮೂರನೇ ದಿನ ಮಕ್ಕಳು ತಮ್ಮ ಸ್ನೇಹಿತರನ್ನೂ ಕರೆತರುತ್ತಾರೆ.

ಕಥೆಗಳು

ಕಿಟ್‌ನ ಜೀವಾಳ ಇದು. ಐದು ದಿನವೂ ನೀರಿನ ಕಥೆಗಳೇ. ಕೆಂಪು ಸಮುದ್ರ ದಾಟಿದ್ದು (ವಿಮೋಚನಕಾಂಡ 14), ಕುಷ್ಠ ಹಿಡಿದ ಸೇನಾಪತಿ ನಾಮಾನ ಯೊರ್ದನ್ ಹೊಳೆಯಲ್ಲಿ ಮುಳುಗಿ ಎದ್ದದ್ದು (2 ಅರಸುಗಳು 5), ಯೋನನನ್ನು ದೊಡ್ಡ ಮೀನು ನುಂಗಿದ್ದು (ಯೋನ, 1 ಮತ್ತು 2ನೇ ಅಧ್ಯಾಯ), ಬಿರುಗಾಳಿಯನ್ನು ಯೇಸು ಸುಮ್ಮನಾಗಿಸಿದ್ದು (ಮಾರ್ಕ 4:35–41), ಕೊನೆಯ ದಿನ ಪುನರುತ್ಥಾನದ ನಂತರ ದಡದಲ್ಲಿ ಯೇಸು ಶಿಷ್ಯರಿಗೆ ಊಟ ಸಿದ್ಧ ಮಾಡಿದ್ದು (ಯೋಹಾನ 21:1–14). ಜೋಡಿಸಿರುವ ಕ್ರಮ ಚೆನ್ನಾಗಿದೆ. ದಡದಲ್ಲಿ ಶುರುವಾಗಿ ದಡದಲ್ಲೇ ಮುಗಿಯುತ್ತದೆ, ನಡುವೆ ಮುಳುಗುವ ಭಯ ಎರಡು ಸಲ ಬರುತ್ತದೆ. ಹತ್ತು ವರ್ಷದ ಮಗುವೂ ಯಾರೂ ಹೇಳಿಕೊಡದೆ ಈ ಎಳೆಯನ್ನು ಹಿಡಿಯಬಲ್ಲದು.

ಲೀಡರ್ ಪುಸ್ತಕ ಪ್ರತಿ ಕಥೆಗೂ ಎರಡು ರೂಪ ಕೊಡುತ್ತದೆ: ಚಿಕ್ಕವರಿಗೆ ಒಂದೂವರೆ ಪುಟ, ದೊಡ್ಡವರಿಗೆ ಮೂರು ಪುಟ. ಚಿಕ್ಕವರ ರೂಪವನ್ನು ಬರೆದವರಿಗೆ ಮಕ್ಕಳ ಕಿವಿ ಗೊತ್ತು. ವಾಕ್ಯಗಳು ಚಿಕ್ಕವು, ಮತ್ತೆ ಮತ್ತೆ ಬರುವ ಒಂದು ಸಾಲಿದೆ, ಆ ಸಾಲನ್ನು ಮಕ್ಕಳೇ ಹೇಳುವ ಹಾಗೆ ಜಾಗ ಬಿಟ್ಟಿದ್ದಾರೆ. ಕಾಗದ ನೋಡಿ ಓದಬೇಡಿ, ಎರಡು ಸಲ ಬಾಯಿಬಿಟ್ಟು ಅಭ್ಯಾಸ ಮಾಡಿ ಹೇಳಿ. ನಾಲ್ಕೈದು ವರ್ಷದವರಿಗೆ ಏಳು ನಿಮಿಷ ಮೀರಬೇಡಿ.

ತಿದ್ದಬೇಕಾದ ಕಡೆಗಳು ನಾಲ್ಕು.

ನಾಮಾನನ ಕಥೆಯಲ್ಲಿ ಕಿಟ್ ಸೇನಾಪತಿ, ಪ್ರವಾದಿ ಎಲೀಷ, ಏಳು ಮುಳುಗು ಇವಿಷ್ಟನ್ನೇ ಹಿಡಿದು 'ವಿಧೇಯರಾಗಿರಿ' ಎಂಬ ಪಾಠಕ್ಕೆ ಓಡುತ್ತದೆ. ಐದನೇ ಅಧ್ಯಾಯದ ಎರಡು ಮತ್ತು ಮೂರನೇ ವಚನದಲ್ಲಿ ಬರುವ ಪುಟ್ಟ ಹುಡುಗಿಯನ್ನು ಒಂದೇ ವಾಕ್ಯದಲ್ಲಿ ದಾಟಿಸಿಬಿಟ್ಟಿದೆ. ಇಡೀ ಐದು ದಿನದಲ್ಲಿ ಮಗುವೊಂದು ಕಥೆಯ ದಿಕ್ಕನ್ನೇ ಬದಲಿಸುವುದು ಇಲ್ಲಿ ಮಾತ್ರ. ಸೆರೆಯಾಗಿ ಬಂದವಳು, ಮನೆ ಬಿಟ್ಟು ದೂರ ಇರುವವಳು, ತನ್ನನ್ನು ಸೆರೆಯಲ್ಲಿಟ್ಟವನ ಕಾಯಿಲೆ ವಾಸಿಯಾಗಲಿ ಎಂದು ಬಯಸುತ್ತಾಳೆ. ಕಥೆಯನ್ನು ಅವಳಿಂದಲೇ ಶುರುಮಾಡಿ. ಮಕ್ಕಳು ಕೇಳುವ ರೀತಿಯೇ ಬೇರೆಯಾಗುತ್ತದೆ.

ಯೋನನ ಪೋಸ್ಟರ್‌ನಲ್ಲಿ ತಿಮಿಂಗಿಲದ ಚಿತ್ರವಿದೆ. ಮೂಲದಲ್ಲಿ ಇರುವುದು 'ದೊಡ್ಡ ಮೀನು'. ಇದು ಸಣ್ಣ ವಿಷಯವಲ್ಲ. ತಿಮಿಂಗಿಲ ಮೀನಲ್ಲ ಎಂದು ಶಾಲೆಯಲ್ಲಿ ಕಲಿತ ಮಗು ಎದ್ದು ಕೇಳಿಯೇ ಕೇಳುತ್ತದೆ. ಆಗ ಟೀಚರ್ ಪೋಸ್ಟರ್‌ನ ಪರ ನಿಲ್ಲುವ ಬದಲು ಬೈಬಲ್ ತೆರೆದು ತೋರಿಸುವಂತಿರಬೇಕು. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಕಥೆ ಎರಡನೇ ಅಧ್ಯಾಯಕ್ಕೆ, ಮೀನು ಯೋನನನ್ನು ದಡಕ್ಕೆ ಕಾರುವಲ್ಲಿಗೆ ನಿಂತುಬಿಡುತ್ತದೆ. ಯೋನ ಹೋಗಲೊಲ್ಲದ ನಿನೆವೆ ಪಟ್ಟಣದ ಜನರ ಮೇಲೆ ದೇವರಿಗಿದ್ದ ಕನಿಕರ ಇಲ್ಲದೆ ಯೋನನ ಕಥೆ ಬರೀ ಓಡಿಹೋದವನಿಗೆ ಸಿಕ್ಕ ಶಿಕ್ಷೆಯ ಕಥೆಯಾಗುತ್ತದೆ. ಎಂಟು ವರ್ಷ ದಾಟಿದವರಿಗೆ ನಾಲ್ಕನೇ ಅಧ್ಯಾಯದ ಕೊನೆಯ ಎರಡು ವಚನಗಳನ್ನು ಓದಿಸಿ. ಪುಸ್ತಕ ಮುಗಿಯುವುದೇ ಒಂದು ಪ್ರಶ್ನೆಯಲ್ಲಿ. ಆ ಪ್ರಶ್ನೆಯನ್ನು ಹಾಗೇ ಮಕ್ಕಳ ಮುಂದೆ ಬಿಟ್ಟರೆ ಸಾಕು.

ಮೊದಲ ದಿನದ ಕಥೆಯಲ್ಲಿ ಐಗುಪ್ತದ (ಈಜಿಪ್ಟ್) ಸೈನ್ಯ ಮುಳುಗುವ ಭಾಗವನ್ನು ವಿಡಿಯೊ ಸದ್ದು ಮಾಡಿ ತೋರಿಸುತ್ತದೆ. ನಾಲ್ಕೈದು ವರ್ಷದವರಿಗೆ ಇದು ಬೇಡ. ಇಸ್ರಾಯೇಲ್ ಜನರು ಒಣನೆಲದ ಮೇಲೆ ನಡೆದು ಆಚೆ ದಡ ಸೇರಿದರು ಎಂಬಲ್ಲಿ ನಿಲ್ಲಿಸಿ. ದೊಡ್ಡವರಿಗೆ ಅಧ್ಯಾಯದಲ್ಲಿರುವುದನ್ನು ಮರೆಮಾಚದೆ ಹೇಳಿ, ಆದರೆ ಚಪ್ಪಾಳೆ ಹೊಡೆಸಬೇಡಿ.

ಐದನೇ ದಿನದ ಪೋಸ್ಟರ್‌ನಲ್ಲಿ ದೋಣಿಯೊಳಗೆ ಹನ್ನೊಂದು ಮಂದಿ ಇದ್ದಾರೆ. ಯೋಹಾನ 21:2 ಎಣಿಸುವುದು ಏಳು ಮಂದಿಯನ್ನು: ಸೀಮೋನ ಪೇತ್ರ, ತೋಮ, ನತಾನಯೇಲ, ಜೆಬೆದಾಯನ ಇಬ್ಬರು ಮಕ್ಕಳು, ಇನ್ನಿಬ್ಬರು. ಈ ತಪ್ಪನ್ನು ಒಳ್ಳೆಯ ಚಟುವಟಿಕೆಯಾಗಿ ಮಾಡಿಕೊಳ್ಳಬಹುದು. ದೊಡ್ಡ ಮಕ್ಕಳ ಕೈಗೆ ಬೈಬಲ್ ಕೊಟ್ಟು, ಚಿತ್ರ ಸರಿಯಿದೆಯೇ ಎಂದು ಎಣಿಸಿ ಹೇಳಿ ಅನ್ನಿ.

ವೇಳಾಪಟ್ಟಿಯ ಲೆಕ್ಕ

ಕೈಪಿಡಿಯ ಪ್ರಕಾರ ದಿನಕ್ಕೆ 3 ಗಂಟೆ. ಆರಂಭದ ಕೂಟ 20 ನಿಮಿಷ, 25 ನಿಮಿಷದ ಐದು ವಿಭಾಗ ಸೇರಿ 125, ಮುಕ್ತಾಯ 15. ಒಟ್ಟು 160 ನಿಮಿಷ, ಇನ್ನೂ 20 ನಿಮಿಷ ಕೈಯಲ್ಲಿದೆ ಎಂದು ಕೈಪಿಡಿ ಧೈರ್ಯ ಹೇಳುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಹೊತ್ತನ್ನು ಅದು ಲೆಕ್ಕಕ್ಕೇ ಹಿಡಿದಿಲ್ಲ. ಕೂಟದಿಂದ ಮೊದಲ ವಿಭಾಗಕ್ಕೆ, ಅಲ್ಲಿಂದ ನಾಲ್ಕು ಸಲ ಬದಲಾವಣೆ, ಕೊನೆಗೆ ಮುಕ್ತಾಯಕ್ಕೆ ವಾಪಸ್, ಒಟ್ಟು ಆರು ಸಲ. ಹನ್ನೆರಡು ಮಕ್ಕಳ ಒಂದು ಗುಂಪನ್ನು ಎಬ್ಬಿಸಿ, ಸಾಲು ಮಾಡಿ, ಒಬ್ಬನ ಚಪ್ಪಲಿ ಹುಡುಕಿ, ಇನ್ನೊಬ್ಬಳಿಗೆ ನೀರು ಕುಡಿಸಿ ಕೂರಿಸುವುದಕ್ಕೆ 5 ನಿಮಿಷವಾದರೂ ಬೇಕು. ಅಲ್ಲಿಗೆ 30 ನಿಮಿಷ. ದಿನ 190 ನಿಮಿಷಕ್ಕೆ ಹೋಯಿತು. ಗೇಟಿನ ಹತ್ತಿರ ತಂದೆತಾಯಿ ಕಾಯುತ್ತಿರುತ್ತಾರೆ, ಒಳಗೆ ಮುಕ್ತಾಯದ ಪ್ರಾರ್ಥನೆ ಗಡಿಬಿಡಿಯಲ್ಲಿ ಮುಗಿಯುತ್ತದೆ.

ಸರಿಮಾಡುವುದು ಸುಲಭ. ಆರಂಭದ ಕೂಟವನ್ನು 15ಕ್ಕೆ, ತಿಂಡಿಯನ್ನು 20ಕ್ಕೆ ಇಳಿಸಿದರೆ 180 ಸರಿಹೋಗುತ್ತದೆ. ಕಥೆಯ 25ಕ್ಕೆ ಕೈ ಹಾಕಬೇಡಿ. ಗಂಟೆ ಬಾರಿಸುವ ಕೆಲಸವನ್ನು ಒಬ್ಬರಿಗೇ ವಹಿಸಿ, ಅವರಿಗೆ ಬೇರೆ ಕೆಲಸ ಕೊಡಬೇಡಿ. ಮುಗಿಯಲು 3 ನಿಮಿಷ ಇರುವಾಗ ಒಂದು ಸಲ, ಮುಗಿದಾಗ ಎರಡು ಸಲ ಬಾರಿಸಬೇಕು.

ಕಥೆಯ 25 ನಿಮಿಷವನ್ನು ಕಿಟ್ ಹಂಚಿರುವುದು ಹೀಗೆ: ಕೂರುವುದು 3, ವಿಡಿಯೊ 7, ನಾಟಕರೂಪದ ಕಥೆ 8, ಕಂಠಪಾಠ 5, ಪ್ರಾರ್ಥನೆ 2. ಇಲ್ಲಿ ಮಗು ಬಾಯಿ ತೆರೆಯುವುದು ಯಾವಾಗ? ಈ ಕಿಟ್ ಮೇಲೆ ನಮಗಿರುವ ಅತಿ ದೊಡ್ಡ ಆಕ್ಷೇಪ ಇದೇ. 3 ಗಂಟೆಯ ಕಾರ್ಯಕ್ರಮದಲ್ಲಿ, ಈಗಷ್ಟೇ ಕೇಳಿದ ಕಥೆಯ ಬಗ್ಗೆ ಮಗು ಒಬ್ಬ ದೊಡ್ಡವರ ಜೊತೆ ಮಾತಾಡಲು ಒಂದು ನಿಮಿಷವನ್ನೂ ಇಟ್ಟಿಲ್ಲ. ವಿಡಿಯೊ ಬಿಟ್ಟುಬಿಡಿ. ಅದರಲ್ಲಿರುವುದು ನಾಟಕದಲ್ಲೂ ಇದೆ. ಉಳಿಯುವ 7 ನಿಮಿಷದಲ್ಲಿ ಹನ್ನೆರಡು ಮಕ್ಕಳನ್ನು ಆರಾರರಂತೆ ಎರಡು ವೃತ್ತ ಮಾಡಿ, ವೃತ್ತಕ್ಕೊಬ್ಬ ಲೀಡರ್ ಕೂತು ಎರಡೇ ಪ್ರಶ್ನೆ ಕೇಳಲಿ. ಇದರಲ್ಲಿ ನಿನಗೆ ಯಾವುದು ಆಶ್ಚರ್ಯ ಅನಿಸಿತು? ನೀನು ಅಲ್ಲಿದ್ದರೆ ಏನು ಮಾಡುತ್ತಿದ್ದೆ? ಹೌದು-ಇಲ್ಲ ಎಂದು ಉತ್ತರಿಸಿ ಮುಗಿಸುವ ಪ್ರಶ್ನೆಗಳನ್ನು ವಿದ್ಯಾರ್ಥಿ ಪುಸ್ತಕದಲ್ಲಿ ಬೇಕಾದಷ್ಟು ಕೊಟ್ಟಿದ್ದಾರೆ, ಅವು ಮನೆಗಿರಲಿ.

ಐದು ದಿನ ಎಂಬುದೇ ಈಚಿನ ಅಳತೆ. ಅಮೆರಿಕದ ಇಲಿನಾಯ್ ರಾಜ್ಯದ ಹೋಪ್‌ಡೇಲ್‌ನಲ್ಲಿ 1894ರಲ್ಲಿ ಡಿ. ಟಿ. ಮೈಲ್ಸ್ ನಡೆಸಿದ ಬೇಸಿಗೆ ಬೈಬಲ್ ಶಾಲೆ ನಾಲ್ಕು ವಾರದ್ದು. ಆಗ ಪಾಠಕ್ಕೆ ಉಸಿರಾಡಲು ಜಾಗವಿತ್ತು. ಈಗಿನ ಐದು ದಿನಕ್ಕೆ ಅಷ್ಟನ್ನೂ ತುಂಬಲು ಹೋದರೆ ಮೊದಲು ಸಾಯುವುದು ಈ ಮಾತುಕತೆಯೇ.

ಕಂಠಪಾಠ

ಇಲ್ಲಿ ಒಂದು ಎಡವಟ್ಟಿದೆ, ಮೊದಲೇ ಗಮನಿಸದಿದ್ದರೆ ಐದನೇ ದಿನ ಗೊತ್ತಾಗುತ್ತದೆ. ಪೋಸ್ಟರ್‌ನಲ್ಲಿರುವ ವಚನಗಳು ಇಂಗ್ಲಿಷ್‌ನಿಂದ ಹೊಸದಾಗಿ ಕನ್ನಡಕ್ಕೆ ತಂದವು. ಮಕ್ಕಳ ಮನೆಯಲ್ಲಿರುವ ಸತ್ಯವೇದದ (ಕನ್ನಡ ಬೈಬಲ್‌ನ) ಮಾತು ಬೇರೆ. ಉದಾಹರಣೆಗೆ ಕೀರ್ತನೆ 119:105. 'ನಿನ್ನ ವಾಕ್ಯವು ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ ಬೆಳಕೂ ಆಗಿದೆ' ಎಂದು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದ ಮಗುವಿಗೆ ಪೋಸ್ಟರ್ ಇನ್ನೇನೋ ಕಲಿಸುತ್ತದೆ. ಮನೆಗೆ ಹೋಗಿ ಒಪ್ಪಿಸಿದರೆ ತಪ್ಪು ಅನ್ನಿಸಿಕೊಳ್ಳುತ್ತದೆ. ನಿಮ್ಮ ಸಭೆಯಲ್ಲಿ ಓದುವ ಅನುವಾದದಿಂದಲೇ ಐದು ವಚನಗಳನ್ನೂ ದೊಡ್ಡದಾಗಿ ಬರೆಸಿ ಪೋಸ್ಟರ್ ಮೇಲೆ ಅಂಟಿಸಿ. ಕಾರ್ಡುಗಳನ್ನೂ ಹಾಗೇ ಹೊಸದಾಗಿ ಅಚ್ಚುಹಾಕಿ.

ನಾಲ್ಕೈದು ವರ್ಷದವರಿಗೆ ವಚನದ ನಾಲ್ಕೈದು ಪದ ಸಾಕು. ಆದರೆ ಕತ್ತರಿಸುವಾಗ ಅರ್ಥ ಮುರಿಯಬಾರದು. 'ನಿನ್ನ ವಾಕ್ಯವು ನನ್ನ ಕಾಲಿಗೆ ದೀಪ' ಎಂದರೆ ಪೂರ್ತಿ ಮಾತು. 'ನನ್ನ ಕಾಲಿಗೆ ದೀಪವೂ ನನ್ನ ದಾರಿಗೆ' ಎಂದು ನಿಲ್ಲಿಸಿದರೆ ಏನೂ ಅಲ್ಲ. ದೊಡ್ಡವರಿಗೆ ಬೋರ್ಡಿನಲ್ಲಿ ಪೂರ್ತಿ ಬರೆದು, ಒಂದೊಂದು ಸಲ ಓದಿದಾಗಲೂ ಒಂದೊಂದು ಪದ ಅಳಿಸುತ್ತಾ ಹೋಗುವ ಹಳೆಯ ವಿಧಾನವೇ ಉತ್ತಮ. ಎಂಟು ಪದದ ವಚನ 4 ನಿಮಿಷದಲ್ಲಿ ಬಾಯಿಗೆ ಬರುತ್ತದೆ. ಬಲೂನಿನೊಳಗೆ ಪದಗಳ ಚೀಟಿ ಹಾಕಿ ಒಡೆಯುವ ಕಿಟ್‌ನ ಆಟದಲ್ಲಿ ಮಕ್ಕಳಿಗೆ ಬಲೂನು ನೆನಪಿರುತ್ತದೆ, ಪದ ನೆನಪಿರುವುದಿಲ್ಲ. ಒಡೆದ ರಬ್ಬರ್ ಚೂರು ಚಿಕ್ಕವರ ಬಾಯಿಗೆ ಹೋಗುವ ಅಪಾಯವೂ ಇದೆ.

ಹಾಡು

ಸಂಗೀತದ ಗುಣಮಟ್ಟ ಚೆನ್ನಾಗಿದೆ, ಕನ್ನಡ ಸಾಹಿತ್ಯ ಚೆನ್ನಾಗಿಲ್ಲ. ಕಾರಣ ಸರಳ. ಮೂಲದ ಟ್ಯೂನ್ ಇಂಗ್ಲಿಷ್ ಮಾತಿಗೆ ಕಟ್ಟಿದ್ದು. ಅಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಡ್ರಮ್ ಏಟು ಅದರ ಮೇಲೇ ಬೀಳುತ್ತದೆ, ಮಕ್ಕಳು ಹಾರುವುದೂ ಅಲ್ಲೇ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ಬಾಯಲ್ಲಿ 'ನೀರಿಗೆ' ಎನ್ನುವಾಗ ದೇಹ ಹಾರಿರುತ್ತದೆ, 'ಹಾರು' ಎನ್ನುವಾಗ ಕೈ ಬೇರೇನೋ ಮಾಡುತ್ತಿರುತ್ತದೆ. ಆ್ಯಕ್ಷನ್‌ಗಳು ಒಂದು ತಾಳದಷ್ಟು ತಡವಾಗಿ ಬರುವ ಹಾಗೆ ಹೊಸದಾಗಿ ಕೂಡಿಸಿದರೆ ಐದರಲ್ಲಿ ಮೂರು ಹಾಡು ಸರಿಹೋಗುತ್ತವೆ. ಇನ್ನೆರಡನ್ನು ಬಿಟ್ಟು, ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಆಗಲೇ ಬರುವ ಹಾಡುಗಳನ್ನು ಸೇರಿಸಿಕೊಳ್ಳಿ. ಐದು ದಿನದಲ್ಲಿ ಮೂರು ಹೊಸ ಹಾಡು ಕಲಿತರೆ ಧಾರಾಳವಾಯಿತು.

ಶ್ರುತಿಯೂ ಹೆಚ್ಚು. ಪಲ್ಲವಿಯ ತುದಿ ಚಿಕ್ಕ ಮಕ್ಕಳಿಗೆ ನಿಲುಕದೆ ಅವರು ಕಿರುಚತೊಡಗುತ್ತಾರೆ. ಕಿರುಚಾಟವನ್ನು ಉತ್ಸಾಹ ಎಂದು ತಿಳಿದು ಇನ್ನೂ ಜೋರಾಗಿ ಎಂದು ಹುರಿದುಂಬಿಸಿದರೆ ಮೂರನೇ ದಿನಕ್ಕೆ ಗಂಟಲು ಕಟ್ಟುತ್ತದೆ. ವೇಗ ಬದಲಾಗದ ಹಾಗೆ ಟ್ರ್ಯಾಕನ್ನು ಎರಡು ಅರ್ಧಸ್ವರ ಇಳಿಸುವ ಆ್ಯಪ್‌ಗಳು ಮೊಬೈಲಿನಲ್ಲೇ ಸಿಗುತ್ತವೆ. ಆ್ಯಕ್ಷನ್ ಮಾಡಿ ತೋರಿಸುವವರಿಗೆ ಒಂದು ಮಾತು. ನೀವು ಮಕ್ಕಳಿಗೆ ಎದುರಾಗಿ ನಿಂತು ಬಲಗೈ ಎತ್ತಿದರೆ ಚಿಕ್ಕವರು ಎಡಗೈ ಎತ್ತುತ್ತಾರೆ. 'ಬಲಗೈ' ಎಂದು ಹೇಳುವಾಗ ನೀವು ನಿಮ್ಮ ಎಡಗೈಯನ್ನೇ ಎತ್ತಬೇಕು. ಇದು ಅಭ್ಯಾಸವಾಗಲು ಎರಡು ಸಂಜೆಯ ರಿಹರ್ಸಲ್ ಬೇಕು.

ಕ್ರಾಫ್ಟ್: ಹೆಚ್ಚು ಎಚ್ಚರ ಬೇಕಾದ ಕಡೆ

ಪೊಟ್ಟಣಗಳಲ್ಲಿ ಎಲ್ಲವೂ ಎಣಿಸಿ ಇಟ್ಟಂತೆ ಕಾಣುತ್ತದೆ. ಆದರೂ ಬಿಚ್ಚಿ ಎಣಿಸಿ. ಹಾಗೆಯೇ ಪ್ರತಿಯೊಂದನ್ನೂ ಮಗುವಿಗೆ ಸಿಗುವಷ್ಟೇ ಹೊತ್ತಿನಲ್ಲಿ, ಗಡಿಯಾರ ನೋಡಿಕೊಂಡು, ನೀವೇ ಒಂದು ಸಲ ಮಾಡಿ.

ಮೊದಲ ದಿನದ ಇಬ್ಭಾಗವಾದ ಸಮುದ್ರ: ನೀಲಿ ಫೋಮ್ ಹಾಳೆಗಳನ್ನು ರಟ್ಟಿನ ಮೇಲೆ ಬಿಳಿ ಗೋಂದಿನಿಂದ ನಿಲ್ಲಿಸಬೇಕು. ಬಿಳಿ ಗೋಂದು ನೀರು ಆರಿದ ಮೇಲೆ ಹಿಡಿಯುವಂಥದ್ದು. ಫೋಮ್ ನೀರು ಹೀರುವುದಿಲ್ಲ, ಹಾಗಾಗಿ ಆರಲು ಅರ್ಧ ಗಂಟೆಗೂ ಹೆಚ್ಚು ಬೇಕು. 25 ನಿಮಿಷದ ವಿಭಾಗದಲ್ಲಿ ಅಲೆಗಳು ಒಂದೊಂದಾಗಿ ಬೀಳುತ್ತವೆ, ಮಗು ಅಳುತ್ತದೆ. ಎರಡು ಬದಿ ಅಂಟುವ ಟೇಪ್ ಬಳಸಿ, ಮಗುವಿಗೆ 10 ಸೆಂ.ಮೀ.ನ ಎರಡು ತುಂಡು ಸಾಕು. ಟೇಪಿನ ಒಂದು ಮೂಲೆಯನ್ನು ಮೊದಲೇ ಸ್ವಲ್ಪ ಸುಲಿದು ಮಡಚಿಡಿ, ಚಿಕ್ಕ ಬೆರಳುಗಳಿಗೆ ಆ ಹಿಂದಿನ ಕಾಗದ ಬಿಡಿಸಲಾಗುವುದಿಲ್ಲ.

ಎರಡನೇ ದಿನ ಕ್ರಾಫ್ಟ್ ಬದಲು ಪ್ರಯೋಗ: ತಟ್ಟೆಯ ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳು ತಾಗಿಸಿದರೆ ಪುಡಿ ಅಂಚಿಗೆ ಓಡುತ್ತದೆ. ಸೋಪು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ ಹೀಗಾಗುತ್ತದೆ. ನೋಡಲು ಸೊಗಸು, ಮಕ್ಕಳು ಬಾಯಿ ಬಿಟ್ಟು ನೋಡುತ್ತಾರೆ. ಆದರೆ ಒಂದು ತಟ್ಟೆ ನೀರಿನಲ್ಲಿ ಇದು ಒಂದೇ ಸಲ ನಡೆಯುತ್ತದೆ ಎಂದು ಕಿಟ್ ಎಲ್ಲಿಯೂ ಹೇಳಿಲ್ಲ. ಎರಡನೇ ಮಗುವಿನ ಸರದಿಗೆ ನೀರಿನಲ್ಲಿ ಆಗಲೇ ಸೋಪಿರುತ್ತದೆ, ಪುಡಿ ಅಲುಗುವುದಿಲ್ಲ. ಪ್ರತಿ ಸಲ ನೀರು ಚೆಲ್ಲಿ, ತಟ್ಟೆಯನ್ನು ಬರಿ ನೀರಿನಲ್ಲಿ ಎರಡು ಸಲ ತೊಳೆದು ಹೊಸ ನೀರು ಹಾಕಬೇಕು. ತಟ್ಟೆಗೆ ಒಂದು ಸೆಂಟಿಮೀಟರ್ ನೀರು ಸಾಕು. ಹನ್ನೆರಡು ಮಕ್ಕಳಿಗೆ ಆರು ತಟ್ಟೆ, ಎರಡು ಬಕೆಟ್ ಇದ್ದರೆ ಸುಸೂತ್ರ. ಆ ಬೆರಳನ್ನು ಕಣ್ಣಿಗೆ ಉಜ್ಜದಂತೆ ನೋಡಿಕೊಳ್ಳಿ, ಮುಗಿದ ಕೂಡಲೇ ಕೈ ತೊಳೆಸಿ.

ಯೋನನ ದಿನ ಕಾಗದದ ತಟ್ಟೆಯ ಮೀನು, ಬಾಯಿ ತೆರೆದು ಮುಚ್ಚಲು ಇಬ್ಭಾಗದ ಪಿನ್ (ಹಿಂದೆ ಎರಡು ಕಾಲು ಬಿಡಿಸಿ ಮಡಚುವಂಥದ್ದು). ತೂತುಗಳನ್ನು ಹಿಂದಿನ ದಿನವೇ ಚುಚ್ಚಿಟ್ಟಿರಬೇಕು. ಪಿನ್ನನ್ನು ಪೂರ್ತಿ ಬಿಗಿದರೆ ಬಾಯಿ ಅಲುಗುವುದಿಲ್ಲ. ಕಾಗದ ಮತ್ತು ಪಿನ್ನಿನ ತಲೆಯ ನಡುವೆ ಉಗುರು ತೂರುವಷ್ಟು ಸಡಿಲ ಬಿಡಿ. ಪ್ಲಾಸ್ಟಿಕ್ ಕಣ್ಣುಗಳನ್ನು ಚಿಕ್ಕವರ ಗುಂಪಿಗೆ ಕೊಡಬೇಡಿ, ಅವರು ಸ್ಕೆಚ್ ಪೆನ್ನಿನಲ್ಲಿ ಬರೆದುಕೊಳ್ಳಲಿ.

ನಾಲ್ಕನೇ ದಿನದ ಬಾಟಲಿ ಅಲೆ ಈ ಕಿಟ್‌ನ ಅತ್ಯುತ್ತಮ ವಸ್ತು. ಚಿಕ್ಕ ಪಾರದರ್ಶಕ ಬಾಟಲಿಗೆ ಅರ್ಧ ನೀಲಿ ಬಣ್ಣದ ನೀರು, ಉಳಿದರ್ಧ ಎಣ್ಣೆ. ಅಡ್ಡ ಹಿಡಿದು ನಿಧಾನ ಓಲಾಡಿಸಿದರೆ ಅಲೆ ಏಳುತ್ತದೆ, ಇಳಿಸಿಟ್ಟರೆ ಶಾಂತವಾಗುತ್ತದೆ. ಮಾರ್ಕನ ಬಿರುಗಾಳಿಯ ಕಥೆಗೆ ಇದಕ್ಕಿಂತ ತಕ್ಕ ಆಟಿಕೆ ಸಿಗಲಾರದು. ಇಲ್ಲಿ ಎರಡು ತಪ್ಪು ಆಗುತ್ತವೆ. ಬಾಟಲಿಯನ್ನು ಸೋಪಿನಿಂದ ತೊಳೆದು ಸರಿಯಾಗಿ ಜಾಲಿಸದಿದ್ದರೆ ಎಣ್ಣೆ ನೀರಿನೊಂದಿಗೆ ಬೆರೆತು ಹಾಲಿನಂತಾಗುತ್ತದೆ, ಮತ್ತೆ ಸುಲಭಕ್ಕೆ ಬೇರ್ಪಡುವುದಿಲ್ಲ. ಮಕ್ಕಳು ಮೇಲೆ ಕೆಳಗೆ ಜೋರಾಗಿ ಕುಲುಕಿದರೂ ಎಣ್ಣೆ ಹನಿಹನಿಯಾಗಿ ಒಡೆದು ತಿಳಿಯಾಗಲು ಬಹಳ ಹೊತ್ತು ಹಿಡಿಯುತ್ತದೆ. ಗಾಳಿಗುಳ್ಳೆ ಉಳಿಯದಂತೆ ಬಾಯಿವರೆಗೂ ತುಂಬಿ, ಮುಚ್ಚಳದ ಒಳಗೆ ಗಟ್ಟಿ ಅಂಟು ಹಚ್ಚಿ ಬಿಗಿಯಿರಿ. ಈ ಅಂಟಿನ ಕೆಲಸ ದೊಡ್ಡವರದ್ದೇ. ನೀರಿಗೆ ಹಾಕುವ ಬಣ್ಣ ನೀರಿನಲ್ಲಿ ಕರಗುವಂಥದ್ದಾಗಿರಲಿ.

ಐದನೇ ದಿನದ ಕಾಗದದ ದೋಣಿ ತೇಲಿಸುವ ಚಟುವಟಿಕೆಗೆ ಮಾಮೂಲಿ ಎ4 ಹಾಳೆ ಕೊಟ್ಟಿದ್ದಾರೆ. ನೀರಿಗಿಳಿದ ಸ್ವಲ್ಪ ಹೊತ್ತಿಗೇ ತಳ ನೆನೆದು ಕುಸಿಯುತ್ತದೆ. ಮಡಿಸುವ ಮುಂಚೆ ಹಾಳೆಯ ಹೊರಮೈಗೆ ಮೇಣದ ಕ್ರೇಯಾನ್ ದಟ್ಟವಾಗಿ ಉಜ್ಜಿಸಿ. ಬಣ್ಣವೂ ಆಯಿತು, ನೀರೂ ತಡೆಯಿತು. ಚಾರ್ಟ್ ಕಾಗದ ಬೇಡ, ದಪ್ಪನೆಯ ಮಡಿಕೆ ಬಿರಿದು ನೀರು ಒಳಗೆ ಬರುತ್ತದೆ.

ಆಟ, ಅಲಂಕಾರ, ತಿಂಡಿ

ಆಟದ ಪುಸ್ತಕದಲ್ಲಿ ಸೋತವರು ಹೊರಗೆ ಕೂರುವ ಆಟ ಐದಿವೆ. ಕೂತವರು ಗಲಾಟೆ ಶುರುಮಾಡುತ್ತಾರೆ, ಅದೂ ನಿಧಾನಕ್ಕೆ ಓಡುವ ಮಕ್ಕಳೇ ಪ್ರತಿ ಸಲ ಕೂರಬೇಕಾಗುತ್ತದೆ. ಹೊರಗೆ ಹೋದವರು ಇನ್ನೊಂದು ತಂಡಕ್ಕೆ ಸೇರುವ ಹಾಗೆ ನಿಯಮ ಬದಲಿಸಿ. ಸ್ಪಂಜಿನಲ್ಲಿ ನೀರು ಸಾಗಿಸುವ ರಿಲೇಯನ್ನು ಮಣ್ಣು ಅಥವಾ ಹುಲ್ಲಿನ ನೆಲದಲ್ಲಿ ಮಾತ್ರ ಆಡಿಸಿ. ಟೈಲ್ಸ್ ಮೇಲೆ ಎರಡು ಹನಿ ಬಿದ್ದರೂ ಓಡುವ ಮಗು ಜಾರುತ್ತದೆ.

ಕೊನೆಯ ದಿನದ ಮೀನು ಹಿಡಿಯುವ ಆಟಕ್ಕೆ ಕಿಟ್ 50 ಕಾಗದದ ಮೀನು ಕೊಡುತ್ತದೆ. ಯೋಹಾನ 21:11 ಹೇಳುವುದು 153. ಒಂದು ಎ4 ಹಾಳೆಗೆ ಎಂಟು ಮೀನಿನಂತೆ 20 ಹಾಳೆ ಅಚ್ಚುಹಾಕಿ, 160 ಬರುತ್ತವೆ. ಏಳನ್ನು ತೆಗೆದಿಟ್ಟು, ಬಲೆ ಎಳೆದ ಮೇಲೆ ಮಕ್ಕಳಿಂದಲೇ ಎಣಿಕೆ ಮಾಡಿಸಿ. ಹತ್ತತ್ತರ ಗುಡ್ಡೆ ಮಾಡಿ ಎಣಿಸಿ ಕೊನೆಗೆ ಮೂರು ಉಳಿದಾಗ ಆಗುವ ಕೂಗಾಟ ನೋಡಬೇಕು. ಆ ಸಂಖ್ಯೆಯನ್ನು ಮಕ್ಕಳು ಮರೆಯುವುದಿಲ್ಲ.

ಅಲಂಕಾರಕ್ಕೆಂದು ಕಿಟ್ ಇಡೀ ಸಭಾಂಗಣವನ್ನು ಸಮುದ್ರ ಮಾಡಿಸಲು ಹೊರಟಿದೆ. ವೇದಿಕೆಯ ಹಿಂದಿನ ಒಂದು ಗೋಡೆ ಮತ್ತು ಬಾಗಿಲ ಕಮಾನು ಸಾಕು. ಬಾಗಿಲಿಗೆ ಬಟ್ಟೆ ಇಳಿಬಿಟ್ಟು ಹೊರಹೋಗುವ ದಾರಿ ಮುಚ್ಚಬೇಡಿ, ಥರ್ಮೊಕೋಲ್ ಮತ್ತು ಬಟ್ಟೆಯನ್ನು ಬಲ್ಬಿನ ಸರಗಳಿಂದ ದೂರ ಇಡಿ. ತಿಂಡಿಯ ಪುಸ್ತಕವನ್ನು ತೆರೆಯದಿದ್ದರೂ ನಷ್ಟವಿಲ್ಲ. ಯಾವ ಮಗುವಿಗೆ ಯಾವುದು ಒಗ್ಗುವುದಿಲ್ಲ ಎಂಬ ಪಟ್ಟಿಯನ್ನು ತಿಂಡಿ ಬಡಿಸುವ ಮೇಜಿನ ಹಿಂದೆ ಅಂಟಿಸುವುದು ಮುಖ್ಯ.

ಜನ ಮತ್ತು ಸುರಕ್ಷತೆ

60 ಮಕ್ಕಳಿಗೆ 12 ಸ್ವಯಂಸೇವಕರು ಸಾಕು ಎನ್ನುತ್ತದೆ ಕೈಪಿಡಿ. ಸಾಲದು. ಹನ್ನೆರಡರ ಐದು ಗುಂಪು, ಗುಂಪಿಗೆ ಇಬ್ಬರಂತೆ 10. ವಿಭಾಗಕ್ಕೆ ಒಬ್ಬರಂತೆ 5. ಡೈರೆಕ್ಟರ್ 1, ನೋಂದಣಿ ಮೇಜಿಗೆ 2, ಪ್ರಥಮ ಚಿಕಿತ್ಸೆಗೆ 1, ಕ್ರಾಫ್ಟ್‌ಗೆ ಹೆಚ್ಚುವರಿ 1. ಒಟ್ಟು 20. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಶೌಚಾಲಯಕ್ಕೆ ಕರೆದೊಯ್ಯುವಾಗಲೂ ಇಬ್ಬರು ಇರಬೇಕು. ಗುಂಪಿಗೆ ಇಬ್ಬರು ಬೇಕು ಎನ್ನುವುದು ಇದಕ್ಕೇ. ಹದಿಮೂರು ಹದಿನಾಲ್ಕರ ಮಕ್ಕಳನ್ನು ಸಹಾಯಕ್ಕೆ ಹಾಕಿಕೊಳ್ಳಿ, ಆದರೆ ಈ ಎಣಿಕೆಯಲ್ಲಿ ಸೇರಿಸಬೇಡಿ.

ಬೇರೆ ಬೇರೆ ವಯಸ್ಸಿನವರನ್ನು ಒಂದೇ ಗುಂಪಿಗೆ ಬೆರೆಸಲು ಕಿಟ್ ಸಲಹೆ ಕೊಡುತ್ತದೆ. ಅಣ್ಣ ತಂಗಿ ಒಟ್ಟಿಗಿರುತ್ತಾರೆ, ಮೊದಲ ದಿನದ ಅಳು ಕಡಿಮೆ, ನಿಜ. ಆದರೆ ಐದು ವರ್ಷದವಳಿಗೂ ಹನ್ನೊಂದು ವರ್ಷದವನಿಗೂ ಒಂದೇ ಮಾತುಕತೆ ನಡೆಸಲಾಗುವುದಿಲ್ಲ. ಹಾಡು, ತಿಂಡಿಗೆ ಬೆರೆಸಿ, ಕಥೆ ಮತ್ತು ಕ್ರಾಫ್ಟ್‌ಗೆ ವಯಸ್ಸಿನ ಪ್ರಕಾರ ಬೇರೆ ಮಾಡಿ. ಇಪ್ಪತ್ತೇ ಮಕ್ಕಳಿರುವ ಸಣ್ಣ ಸಭೆ ಗುಂಪುಗಳನ್ನು ವಿಭಾಗದಿಂದ ವಿಭಾಗಕ್ಕೆ ಸುತ್ತಿಸುವ ಗೋಜಿಗೇ ಹೋಗಬಾರದು. ಎಲ್ಲರೂ ಒಟ್ಟಿಗೆ ಒಂದು ವಿಭಾಗ ಮುಗಿಸಿ ಇನ್ನೊಂದಕ್ಕೆ ಹೋಗಲಿ, ಆರು ಜನ ದೊಡ್ಡವರಲ್ಲಿ ಚೊಕ್ಕವಾಗಿ ನಡೆಯುತ್ತದೆ. ಇದನ್ನು ಕಿಟ್ ಹೇಳದಿರುವುದು ದೊಡ್ಡ ಲೋಪ, ಯಾಕೆಂದರೆ ಕೈಪಿಡಿ ನೋಡಿ ಹೆದರಿ ವಿ.ಬಿ.ಎಸ್. ಕೈಬಿಡುವುದು ಇಂಥ ಸಭೆಗಳೇ.

ನೋಂದಣಿ ಫಾರ್ಮ್‌ನಲ್ಲಿ ಹೆಸರು, ವಯಸ್ಸು, ಫೋನ್, ಅಲರ್ಜಿ ಇವೆ. ಮಗುವನ್ನು ಕರೆದೊಯ್ಯಲು ಬರುವವರು ಯಾರು, ಫೋಟೊ ತೆಗೆಯಲು ಒಪ್ಪಿಗೆ ಇದೆಯೇ, ಈ ಎರಡು ಸಾಲು ಇಲ್ಲ. ಸೇರಿಸಿಕೊಳ್ಳಿ. ಬ್ಯಾಡ್ಜಿನ ಮೇಲೊಂದು ನಂಬರು, ಅದೇ ನಂಬರಿನ ಚೀಟಿ ಪೋಷಕರ ಕೈಯಲ್ಲಿ. ಎರಡೂ ಹೊಂದಿದರೆ ಮಾತ್ರ ಮಗುವನ್ನು ಕಳಿಸಿ. ಪರಿಚಯದವರಾದರೂ ಚೀಟಿ ಕೇಳಿ.

ನಾಲ್ಕನೇ ದಿನ ಯೇಸುವನ್ನು ಒಪ್ಪಿಕೊಳ್ಳುವ ಕರೆಗೆ ಕಿಟ್ ಎಲ್ಲರಿಂದಲೂ ಕೈ ಎತ್ತಿಸುತ್ತದೆ. ಒಬ್ಬ ಎತ್ತಿದರೆ ಪಕ್ಕದವನೂ ಎತ್ತುತ್ತಾನೆ, ಮಕ್ಕಳ ಸ್ವಭಾವವೇ ಹಾಗೆ. ಅದರ ಬದಲು, ಮಾತಾಡಬೇಕು ಅನ್ನಿಸಿದವರು ಮುಕ್ತಾಯದ ನಂತರ ನಿಮ್ಮ ಲೀಡರ್ ಹತ್ತಿರ ಬನ್ನಿ ಎಂದು ಹೇಳಿ. ಮಾತುಕತೆ ಸಭಾಂಗಣದಲ್ಲೇ, ಇನ್ನೊಬ್ಬ ದೊಡ್ಡವರ ಕಣ್ಣಳತೆಯಲ್ಲಿ ನಡೆಯಲಿ. ಬೇರೆ ನಂಬಿಕೆಯ ಮನೆಗಳಿಂದ ಮಕ್ಕಳು ಬಂದಿದ್ದರೆ ಏನು ಕಲಿಸುತ್ತೀರಿ ಎಂಬುದು ತಂದೆತಾಯಿಗೆ ನೋಂದಣಿಯ ದಿನವೇ ತಿಳಿದಿರಬೇಕು. ಐದು ದಿನದ ಪಾಠದ ಪಟ್ಟಿಯನ್ನು ಫಾರ್ಮಿನ ಹಿಂಬದಿಯಲ್ಲೇ ಅಚ್ಚುಹಾಕಿ.

ತಯಾರಿಗೆ ನಾಲ್ಕು ವಾರ ಸಾಕು ಎಂದು ಡಬ್ಬಿಯ ಮೇಲಿದೆ, ಎಂಟು ವಾರ ಇಟ್ಟುಕೊಳ್ಳಿ. ಮೊದಲ ಎರಡು ವಾರ ಓದಿ ತಿದ್ದುವುದಕ್ಕೆ, ಆಮೇಲಿನ ಎರಡು ಜನ ಹೊಂದಿಸಿ ಪುಸ್ತಕ ತರಿಸುವುದಕ್ಕೆ, ಉಳಿದದ್ದು ಹಾಡಿನ ಅಭ್ಯಾಸ ಮತ್ತು ಕ್ರಾಫ್ಟ್ ಕತ್ತರಿಸುವುದಕ್ಕೆ. ಕೊನೆಯ ವಾರ ಒಂದು ಸಂಜೆ ಮಕ್ಕಳಿಲ್ಲದೆ ಮೊದಲ ದಿನವನ್ನು ಪೂರ್ತಿ ನಡೆಸಿ ನೋಡಿ, ಕೋಣೆಯಿಂದ ಕೋಣೆಗೆ ನಡೆದು ಗಡಿಯಾರ ಹಿಡಿಯಿರಿ.

ಕೊಳ್ಳಬಹುದೇ ಎಂದರೆ, ಡೈರೆಕ್ಟರ್ ಕೈಪಿಡಿ, ಕಥೆಯ ಪುಸ್ತಕ, ಪೋಸ್ಟರ್, ಚಿಕ್ಕವರ ವಿದ್ಯಾರ್ಥಿ ಪುಸ್ತಕ ಇವಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕ್ರಾಫ್ಟ್ ಪೊಟ್ಟಣಗಳಲ್ಲಿ ಬಾಟಲಿ ಅಲೆಯದ್ದನ್ನು ಮಾತ್ರ ತರಿಸಿ, ಉಳಿದದ್ದನ್ನು ಬಿಡಿಯಾಗಿ ಹೊಂದಿಸಿ. ದೊಡ್ಡವರ ವಿದ್ಯಾರ್ಥಿ ಪುಸ್ತಕ ಬೇಡ, ಅವರಿಗೆ ಒಂದು ನೋಟ್‌ಬುಕ್ ಮತ್ತು ಬೈಬಲ್ ಕೊಡಿ. ಮುಗಿದ ಮೇಲೆ ಪೋಸ್ಟರ್‌ಗಳನ್ನು ಮಡಿಸದೆ ಕೊಳವೆಯಲ್ಲಿ ಸುತ್ತಿಡಿ, ಪೆನ್‌ಡ್ರೈವಿನ ಪ್ರತಿಯನ್ನು ಸಭೆಯ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ. ಎಲ್ಲಿ ಏನು ತಿದ್ದಿದಿರಿ ಎಂದು ಲೀಡರ್ ಪುಸ್ತಕದ ಅಂಚಿನಲ್ಲೇ ಪೆನ್ಸಿಲಿನಲ್ಲಿ ಬರೆದಿಡಿ. ಎರಡು ಮೂರು ವರ್ಷ ಬಿಟ್ಟು ಹೊಸ ಮಕ್ಕಳಿಗೆ ಇದೇ ಡಬ್ಬಿಯನ್ನು ಮತ್ತೆ ತೆಗೆಯಬಹುದು.